ಎಳೆಯದರಿಂದ ಅರವತ್ತು ದಾಟಿದ್ದರವರೆಗೆ: ವಿಂಟೇಜ್ ಪೋರ್ಟ್‌ಗಳನ್ನು ಸಾಲಾಗಿಟ್ಟು ಸವಿಯುವುದು ಹೇಗೆ

2017ರ ವಿಂಟೇಜ್ ಪೋರ್ಟ್ ಬಾಟಲಿಯನ್ನೂ 1963ರದ್ದನ್ನೂ ಒಂದೇ ಹೊತ್ತಿಗೆ ತೆರೆದು, ಒಂದೇ ಅಳತೆಗೋಲು ಹಿಡಿದು ರುಚಿ ನೋಡಿದರೆ ಎಳೆಯದು ಒರಟೆನಿಸುತ್ತದೆ, ಹಳೆಯದು ಸಪ್ಪೆಯೆನಿಸುತ್ತದೆ. ಆ ಎರಡು ತೀರ್ಪೂ ತಪ್ಪು. ಒಂದೊಂದು ವಯಸ್ಸಿನ ಪೋರ್ಟ್‌ಗೂ ಅದರದೇ ಗಾಳಿ, ಅದರದೇ ಸರದಿ ಬೇಕು; ಕೇಳಬೇಕಾದ ಪ್ರಶ್ನೆಯೂ ಬೇರೆ. ಅಷ್ಟನ್ನು ಒದಗಿಸಿಕೊಟ್ಟರೆ ಐವತ್ತು ವರ್ಷಗಳಲ್ಲಿ ಒಂದು ವೈನ್ ಏನಾಗುತ್ತದೆ ಎಂಬುದನ್ನು ಒಂದೇ ಸಂಜೆಯಲ್ಲಿ ನಾಲಗೆಯ ಮೇಲೆ ಕಾಣಬಹುದು. ಇಂಥ ಅನುಭವ ಕೊಡುವ ಪಾನೀಯಗಳು ಜಗತ್ತಿನಲ್ಲಿ ತೀರ ಕಡಿಮೆ. ಆ ಸಂಜೆಯನ್ನು ಹೇಗೆ ಅಣಿಗೊಳಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ನಮ್ಮಲ್ಲಿ ಪೋರ್ಟ್ ವೈನ್ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಗೋವಾ ಪ್ರವಾಸದಿಂದ ತರುವ ಅಗ್ಗದ ಸಿಹಿ ವೈನ್. ಇಲ್ಲಿ ಹೇಳುತ್ತಿರುವುದು ಅದಲ್ಲ. ಪೋರ್ಚುಗಲ್‌ನ ಉತ್ತರದಲ್ಲಿ ದೋರು ನದಿಯ ಕಣಿವೆಯಿದೆ. ಅಲ್ಲಿನ ಪದರುಗಲ್ಲಿನ ಇಳಿಜಾರುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟಗಳು. ವೈನ್ ಸೀಮೆಯೆಂದು ಅದರ ಗಡಿ ಗುರುತಿಸಿದ್ದು 1756ರಲ್ಲಿ, ಮಾರ್ಕೆಸ್ ದ ಪೊಂಬಾಲ್ ಆಡಳಿತದ ಕಾಲದಲ್ಲಿ. ತೂರಿಗಾ ನಾಸಿಯೊನಾಲ್, ತೂರಿಗಾ ಫ್ರಾಂಕಾ, ತಿಂತಾ ರೊರಿಸ್ ಮುಂತಾದ ಕಪ್ಪು ದ್ರಾಕ್ಷಿಗಳನ್ನು ಕಲ್ಲಿನ ತೊಟ್ಟಿಗಳಲ್ಲಿ ತುಳಿಯುತ್ತಾರೆ. ಒಳ್ಳೆಯ ವಿಂಟೇಜ್‌ಗೆ ಇವತ್ತಿಗೂ ಕಾಲಲ್ಲೇ ತುಳಿಯುವ ತೋಟಗಳಿವೆ. ಎರಡು ಮೂರು ದಿನ ಹುದುಗು ಬಂದ ಮೇಲೆ, ರಸದ ಸಕ್ಕರೆ ಅರ್ಧದಷ್ಟು ಉಳಿದಿರುವಾಗಲೇ, ಶೇ. 77ರ ದ್ರಾಕ್ಷಿ ಮದ್ಯಸಾರವನ್ನು ಸರಿಸುಮಾರು ನಾಲ್ಕು ಪಾಲಿಗೆ ಒಂದು ಪಾಲಿನಂತೆ ಬೆರೆಸುತ್ತಾರೆ. ಹುದುಗು ಅಲ್ಲಿಗೇ ನಿಲ್ಲುತ್ತದೆ. ಸಿಹಿ ಉಳಿಯುತ್ತದೆ, ಮದ್ಯದ ಅಂಶ ಶೇ. 20ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಟಾನಿ ಎಂಬ ಬಗೆ ಮರದ ಪೀಪಾಯಿಯಲ್ಲೇ ಹತ್ತು, ಇಪ್ಪತ್ತು, ನಲವತ್ತು ವರ್ಷ ಮಾಗುತ್ತದೆ. ಬಾಟಲಿಗೆ ತುಂಬಿದ ದಿನವೇ ಕುಡಿಯಬಹುದು, ಬಸಿಯುವ ಕೆಲಸವಿಲ್ಲ. ವಿಂಟೇಜ್ ಪೋರ್ಟ್ ಒಂದೇ ವರ್ಷದ ಕೊಯ್ಲಿನದು. ಕೊಯ್ಲಾದ ಎರಡನೇ ಮತ್ತು ಮೂರನೇ ವರ್ಷದ ನಡುವೆ ಅದನ್ನು ಸೋಸದೆ ಬಾಟಲಿಗೆ ತುಂಬಿಬಿಡುತ್ತಾರೆ. ಉಳಿದ ಮಾಗುವಿಕೆಯೆಲ್ಲ ಬಾಟಲಿಯೊಳಗೆ, ಗಾಳಿಯ ಸೋಂಕು ಹೆಚ್ಚಿಲ್ಲದೆ, ದಶಕಗಟ್ಟಲೆ ನಡೆಯುತ್ತದೆ. ಎಲ್ಲ ವರ್ಷಗಳಲ್ಲೂ ಇದನ್ನು ಮಾಡುವುದಿಲ್ಲ. ಬೆಳೆ ಅಸಾಧಾರಣ ಎನಿಸಿದಾಗ ಒಂದೊಂದು ಕಂಪನಿಯೂ ತಾನೇ ವಿಂಟೇಜ್ ‘ಘೋಷಣೆ’ ಮಾಡುತ್ತದೆ. ಸರ್ಕಾರಿ ಸಂಸ್ಥೆ ಐವಿಡಿಪಿ ಮಾದರಿಯನ್ನು ಪರೀಕ್ಷಿಸಿ ಒಪ್ಪಬೇಕು. ಹತ್ತು ವರ್ಷಕ್ಕೆ ಸುಮಾರು ಮೂರು ಸಲ ಎಂಬುದು ವಾಡಿಕೆ. 2016 ಮತ್ತು 2017, ಸತತ ಎರಡು ವರ್ಷ, ದೊಡ್ಡ ಕಂಪನಿಗಳು ಘೋಷಿಸಿದ್ದು ಅದಕ್ಕಾಗಿಯೇ ಸುದ್ದಿಯಾಯಿತು.

ಸಾಲು ಕಟ್ಟುವುದು

ಆರು ಬಾಟಲಿ ಸಾಕು. ಅದಕ್ಕಿಂತ ಹೆಚ್ಚಾದರೆ ನಾಲಗೆ ಸೋಲುತ್ತದೆ. ನಾನು ಸೂಚಿಸುವ ಸಾಲು: 2017, 2011, 1994, 1985, 1977, 1963. ಕೊನೆಯದು ಸಿಗದಿದ್ದರೆ 1970 ತನ್ನ ಜಾಗದಲ್ಲಿ ಧೈರ್ಯವಾಗಿ ನಿಲ್ಲುತ್ತದೆ, ಬೆಲೆಯೂ ಸಾಮಾನ್ಯವಾಗಿ ಸ್ವಲ್ಪ ಇಳಿಕೆ. ಇಷ್ಟು ಖರ್ಚು ಬೇಡವೆಂದರೆ ಮೂರೇ ಬಾಟಲಿ ಇಡಿ: ಹತ್ತು ವರ್ಷದೊಳಗಿನದೊಂದು, ಮೂವತ್ತರ ಹತ್ತಿರದ್ದೊಂದು, ನಲವತ್ತೈದು ದಾಟಿದ್ದೊಂದು. ವಯಸ್ಸುಗಳ ನಡುವೆ ಅಂತರ ದೊಡ್ಡದಿರಲಿ. 2011ರ ಪಕ್ಕ 2007 ಇಟ್ಟು ವಯಸ್ಸಿನ ಪಾಠ ಕಲಿಯಲು ಹೊರಟರೆ ಏನೂ ಸಿಗುವುದಿಲ್ಲ.

ಸಾಧ್ಯವಾದರೆ ಎಲ್ಲವೂ ಒಂದೇ ಕಂಪನಿಯದಿರಲಿ. ಒಂದೊಂದು ಮನೆತನಕ್ಕೂ ಒಂದು ಜಾಯಮಾನವಿದೆ. ಗ್ರಹಾಮ್ಸ್ ಸಿಹಿ ಹೆಚ್ಚಿರುವ ತುಂಬುಮೈಯದು, ಡೌಸ್ ಅದಕ್ಕಿಂತ ಬಿಗಿ, ಸಿಹಿ ಕಡಿಮೆ. ಟೇಲರ್ಸ್ ಎಳೆತನದಲ್ಲಿ ಗಡುಸು, ಫೋನ್ಸೆಕಾ ಹಣ್ಣಿನ ಸಮೃದ್ಧಿಗೆ ಹೆಸರಾದದ್ದು, ವಾರೀಸ್‌ನಲ್ಲಿ ಹೂವಿನ ನಯ ಮುಂದು. ಬೇರೆ ಬೇರೆ ಮನೆಯ ಬಾಟಲಿಗಳನ್ನು ಕಲಸಿದರೆ ನಿಮಗೆ ಕಂಡ ವ್ಯತ್ಯಾಸ ವಯಸ್ಸಿನದೋ ಮನೆಯದೋ ಎಂದು ಹೇಳಲಾಗದು. ಆದರೆ ಎಲ್ಲ ಕಂಪನಿಗಳೂ ಎಲ್ಲ ವರ್ಷಗಳನ್ನೂ ಘೋಷಿಸಿರುವುದಿಲ್ಲ ಎಂಬುದು ನೆನಪಿರಲಿ. 1977 ಎಲ್ಲರ ಬಾಯಲ್ಲಿದ್ದ ವರ್ಷ. ಕಾಕ್‌ಬರ್ನ್ಸ್ ಅದನ್ನು ಘೋಷಿಸಲಿಲ್ಲ. ಆದ್ದರಿಂದ ಪಟ್ಟಿ ಬರೆಯುವ ಮೊದಲೇ ಕಂಪನಿಯ ಘೋಷಿತ ವರ್ಷಗಳನ್ನು ನೋಡಿಕೊಳ್ಳಿ.

ಕೊಳ್ಳುವಾಗ ಹೆಸರಿಗಿಂತ ಬಾಟಲಿ ಎಲ್ಲಿ ಮಲಗಿತ್ತು ಎಂಬುದು ಮುಖ್ಯ. ಪೋರ್ಟೊ ನಗರದ ಎದುರು ದಡದಲ್ಲಿ ವಿಲಾ ನೋವಾ ದ ಗಾಯಾ ಎಂಬ ಊರಿದೆ, ಕಂಪನಿಗಳ ದಾಸ್ತಾನು ಮನೆಗಳು ಹೆಚ್ಚಾಗಿ ಅಲ್ಲೇ. ಅಲ್ಲಿಂದ ನೇರವಾಗಿ ಬಂದ ಬಾಟಲಿ, ಇಲ್ಲವೇ ಇಂಗ್ಲೆಂಡಿನ ಹಳೆಯ ವ್ಯಾಪಾರಿಗಳ ತಂಪು ನೆಲಮಾಳಿಗೆಯಲ್ಲಿದ್ದ ಬಾಟಲಿ, ಇವೆರಡಕ್ಕೆ ನನ್ನ ಮೊದಲ ಮತ. ಬಾಟಲಿಯನ್ನು ನಿಲ್ಲಿಸಿ ದ್ರವದ ಮಟ್ಟ ನೋಡಿ. ಕೊರಳಿನೊಳಗೋ ಕೊರಳಿನ ಬುಡದಲ್ಲೋ ಇದ್ದರೆ ಚೆನ್ನ. ಅರವತ್ತು ವರ್ಷದ್ದು ಹೆಗಲ ಮೇಲ್ಭಾಗಕ್ಕೆ ಇಳಿದಿದ್ದರೂ ಹೆದರಬೇಕಿಲ್ಲ. ಹೆಗಲ ನಡುವಿಗೆ ಇಳಿದಿದ್ದರೆ ಬಿಟ್ಟುಬಿಡಿ. ಕಾರ್ಕ್ ಮೇಲಿನ ಮುಚ್ಚಿಗೆಯ ಸುತ್ತ ಅಂಟಂಟಾದ ಕಪ್ಪು ಕಲೆಯಿದ್ದರೆ ಅದು ಸೋರಿದ ಗುರುತು. ಎಳೆಯ ಬಾಟಲಿಗಳ ಕೊರಳ ಮೇಲೆ ಸಂಖ್ಯೆಯಿರುವ ಕಾಗದದ ಖಾತರಿ ಪಟ್ಟಿ ಇರಬೇಕು.

1963 ಮತ್ತು 1970ರ ಬಾಟಲಿಗಳಲ್ಲಿ ಇನ್ನೊಂದು ಸಂಗತಿ ಕಾಣಬಹುದು. ಆಗೆಲ್ಲ ಪೋರ್ಟ್ ಪೀಪಾಯಿಯಲ್ಲಿ ಹಡಗೇರಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ವ್ಯಾಪಾರಿಯ ಮಳಿಗೆಯಲ್ಲಿ ಬಾಟಲಿಗೆ ಇಳಿಯುತ್ತಿತ್ತು. 1970ರ ದಶಕದ ನಡುವಿನಲ್ಲಿ ವಿಂಟೇಜ್ ಪೋರ್ಟನ್ನು ಪೋರ್ಚುಗಲ್‌ನಲ್ಲೇ ತುಂಬಬೇಕೆಂಬ ಕಾನೂನು ಬಂತು. 1975ರ ವಿಂಟೇಜ್‌ನಿಂದ ಮುಂದಿನದೆಲ್ಲ ಹಾಗೆಯೇ. ಅದಕ್ಕೇ ಹಳೆಯ ಬಾಟಲಿಯ ಮೇಲೆ ಇಂಗ್ಲಿಷ್ ವ್ಯಾಪಾರಿಯ ಹೆಸರಿದ್ದರೆ, ಅಥವಾ ಚೀಟಿಯೇ ಇಲ್ಲದೆ ಬರೀ ಬಿಳಿ ಬಣ್ಣದ ಅಚ್ಚಕ್ಷರಗಳಿದ್ದರೆ, ನಕಲಿಯೆಂದು ತಳ್ಳಿಹಾಕಬೇಡಿ. ಅಂಥವುಗಳ ಗುರುತು ಕಾರ್ಕ್ ಮೇಲೆ ಸುಟ್ಟ ಮುದ್ರೆಯಾಗಿರುತ್ತದೆ. ಕಾರ್ಕ್ ಚೂರಾಗಿ ಬಂದರೂ ಚೂರುಗಳನ್ನು ಜೋಡಿಸಿ ಹೆಸರು, ವರ್ಷ ಓದಿಕೊಳ್ಳಿ.

ಊರಿಗೆ ತರುವವರಿಗೆ ಒಂದು ಮಾತು. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ವಿಮಾನದಲ್ಲಿ ಅಲುಗಾಡಿದ ಹಳೆಯ ಪೋರ್ಟನ್ನು ಆ ವಾರವೇ ತೆರೆಯಬೇಡಿ. ಕನಿಷ್ಠ ಮೂರು ನಾಲ್ಕು ವಾರ ತಂಪಿನಲ್ಲಿ ಸುಮ್ಮನೆ ಇರಲಿ.

ಗಸಿ ಇಳಿಸುವುದು, ತೆರೆಯುವುದು, ಬಸಿಯುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ ಇದು. ಸೋಸದೆ ತುಂಬಿದ ವೈನ್ ಆದ್ದರಿಂದ ಬಣ್ಣವೂ ಒಗರೂ ವರ್ಷಗಳು ಕಳೆದಂತೆ ಒಂದಕ್ಕೊಂದು ಕೂಡಿ, ಭಾರವಾಗಿ, ತಳಕ್ಕೆ ಇಳಿಯುತ್ತವೆ. ಹಳೆಯ ಬಾಟಲಿಯಲ್ಲಿ ಅದು ಗಾಜಿಗೆ ಕಚ್ಚಿಕೊಂಡ ಹೊಪ್ಪಳೆಯಾಗಿರುತ್ತದೆ. ಈ ಗಸಿ ಲೋಟಕ್ಕೆ ಬಂದರೆ ಬಾಯಲ್ಲಿ ಮರಳು ಮರಳು, ಕಹಿ.

ಮಲಗಿಸಿಟ್ಟ ಹಳೆಯ ಬಾಟಲಿಯ ಒಂದು ಮಗ್ಗುಲಲ್ಲಿ ಬಿಳಿ ಬಣ್ಣದ ಪಟ್ಟೆಯಿದ್ದರೆ ಅದು ಯಾವ ಮಗ್ಗುಲು ಮೇಲಿತ್ತು ಎಂಬುದರ ಗುರುತು. ಗಸಿ ಅದರ ಎದುರು ಮಗ್ಗುಲಲ್ಲಿದೆ ಎಂದರ್ಥ. ಕೂಟಕ್ಕೆ ಎರಡು ದಿನ ಮೊದಲು ಎಲ್ಲ ಬಾಟಲಿಗಳನ್ನೂ ಮೆಲ್ಲಗೆ ಎತ್ತಿ ನೆಟ್ಟಗೆ ನಿಲ್ಲಿಸಿ. ಎಳೆಯದಕ್ಕೆ ಒಂದು ದಿನ ಸಾಕು. 1963, 1977ಕ್ಕೆ ಒಂದು ವಾರ ಕೊಟ್ಟರೆ ಇನ್ನೂ ಒಳ್ಳೆಯದು, ಹಳೆಯ ಗಸಿ ಬಲು ನುಣುಪಾಗಿ ಎದ್ದು ನಿಧಾನ ಇಳಿಯುತ್ತದೆ.

ಎಳೆಯ ಬಾಟಲಿಯ ಕಾರ್ಕ್ ತೆಗೆಯಲು ಸಾಮಾನ್ಯ ತಿರುಪು ಸಾಕು. ಮೂವತ್ತು ದಾಟಿದ್ದಕ್ಕೆ ತಿರುಪು ಹಾಕಿ ಎಳೆದರೆ ಉದ್ದನೆಯ ಕಾರ್ಕ್ ನಡುವೆ ಮುರಿಯುತ್ತದೆ, ಅರ್ಧ ಒಳಗೇ ಉಳಿಯುತ್ತದೆ. ಎರಡು ತೆಳು ಅಲಗುಗಳಿರುವ ಕಾರ್ಕ್ ಎತ್ತುವ ಸಾಧನ ಬಳಸಿ: ಅಲಗುಗಳನ್ನು ಕಾರ್ಕ್ ಮತ್ತು ಗಾಜಿನ ನಡುವೆ ಒಂದಾದ ಮೇಲೊಂದು ಅಲ್ಲಾಡಿಸುತ್ತ ಇಳಿಸಿ, ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆ ತನ್ನಿ. ಎಳೆಯಬೇಡಿ, ತಿರುಗಿಸಿ.

ದೋರು ಕಣಿವೆಯವರ ಹಳೆಯ ಉಪಾಯ ಪೋರ್ಟ್ ಇಕ್ಕಳ. ಕಬ್ಬಿಣದ ಇಕ್ಕಳದ ಬಳೆಯಂಥ ತುದಿಯನ್ನು ಕೆಂಪಗೆ ಕಾಯಿಸಿ, ಬಾಟಲಿಯ ಕೊರಳಿಗೆ, ಕಾರ್ಕ್‌ನ ಕೆಳಗೆ, ಹಿಡಿಯುತ್ತಾರೆ. ಒಂದು ನಿಮಿಷದ ಹೊತ್ತಾದ ಮೇಲೆ ಇಕ್ಕಳ ತೆಗೆದು ಅದೇ ಜಾಗಕ್ಕೆ ತಣ್ಣೀರಿನ ಬಟ್ಟೆಯನ್ನೋ ಒದ್ದೆ ಕುಂಚವನ್ನೋ ಸವರಿದರೆ ಟಿಕ್ ಎಂಬ ಸಣ್ಣ ಸದ್ದು. ಕೊರಳು ಕಾರ್ಕ್ ಸಮೇತ ದುಂಡಗೆ ತುಂಡಾಗಿ ಕೈಗೆ ಬರುತ್ತದೆ. ನೋಡಲು ಸೊಗಸು. ಆದರೆ ಗಾಯಾದ ದಾಸ್ತಾನು ಮನೆಯಲ್ಲೋ ಒಳ್ಳೆಯ ಹೋಟೆಲಿನಲ್ಲೋ ಕೈ ಪಳಗಿದವರು ಮಾಡುವಾಗ ನೋಡಿ ಸಂತೋಷಪಡಿ, ಮನೆಯ ಗ್ಯಾಸ್ ಒಲೆಯ ಮೇಲೆ ಪ್ರಯೋಗ ಬೇಡ.

ಬಸಿಯಲು ಸ್ವಚ್ಛವಾದ ಗಾಜಿನ ಹೂಜಿ, ಆಲಿಕೆ, ಮತ್ತು ಒಂದು ಬೆಳಕು ಬೇಕು. ಹೂಜಿಯನ್ನು ಸೋಪು ಹಾಕಿ ತೊಳೆಯಬೇಡಿ. ಬಿಸಿ ನೀರಲ್ಲಿ ಹಲವು ಸಲ ಜಾಲಿಸಿ ಬೋರಲು ಹಾಕಿ, ಒಣಗಿದ ಮೇಲೆ ಮೂಸಿ ನೋಡಿ. ಮೊದಲೆಲ್ಲ ಮೇಣದಬತ್ತಿ ಇಡುತ್ತಿದ್ದರು, ಈಗ ಮೊಬೈಲಿನ ಟಾರ್ಚ್ ಸಾಕು. ಟಾರ್ಚನ್ನು ಮೇಜಿನ ಮೇಲೆ ಮೇಲ್ಮುಖವಾಗಿಟ್ಟು, ಬಾಟಲಿಯ ಹೆಗಲು ಅದರ ನೇರಕ್ಕೆ ಬರುವಂತೆ ಹಿಡಿಯಿರಿ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ, ಬಾಟಲಿಯನ್ನು ಮತ್ತೆ ನೆಟ್ಟಗೆ ಮಾಡದೆ ಸುರಿಯುತ್ತ ಹೋಗಿ. ನಡುವೆ ಒಮ್ಮೆ ನಿಲ್ಲಿಸಿದರೂ ದ್ರವ ಹಿಂದಕ್ಕೆ ಬಡಿದು ಗಸಿಯೆಲ್ಲ ಏಳುತ್ತದೆ. ಮೊದಲ ಮುಕ್ಕಾಲು ಭಾಗ ಬೆಳಕಿನಲ್ಲಿ ತಿಳಿಯಾಗಿ ಹೊಳೆಯುತ್ತ ಹರಿಯುತ್ತದೆ. ಆಮೇಲೆ ಹೆಗಲಿನ ಬಳಿ ಒಂದು ಕಪ್ಪು ಎಳೆ ಕಾಣಿಸಿಕೊಳ್ಳುತ್ತದೆ, ಹೊಗೆಯಷ್ಟು ತೆಳ್ಳಗೆ. ಅದರ ಹಿಂದೆಯೇ ಇನ್ನೆರಡು, ಆಮೇಲೆ ಸಣ್ಣ ಚಕ್ಕೆಗಳು. ಮೊದಲ ಎಳೆ ಕೊರಳಿಗೆ ಬಂದ ಕ್ಷಣ ನಿಲ್ಲಿಸಿ. ಬಾಟಲಿಯಲ್ಲಿ ಅರ್ಧ ಲೋಟದಷ್ಟು ಉಳಿದರೆ ಉಳಿಯಲಿ, ಮರುಗಬೇಡಿ. ಕಾರ್ಕ್ ಪುಡಿಯಾಗಿ ಒಳಗೆ ಬಿದ್ದಿದ್ದರೆ ಆಲಿಕೆಗೆ ತೆಳು ಹತ್ತಿ ಬಟ್ಟೆ ಹಾಕಿ. ಅದು ಸಾಬೂನು ಕಾಣದೆ, ಬರೀ ನೀರಿನಲ್ಲಿ ಕುದಿಸಿ ಒಣಗಿಸಿದ್ದಾಗಿರಬೇಕು. ಕಾಫಿ ಸೋಸುವ ಕಾಗದಕ್ಕೆ ನಾನು ಕೈ ಹಾಕುವುದಿಲ್ಲ, ಅದರ ವಾಸನೆ ಹಳೆಯ ವೈನ್‌ಗೆ ಹತ್ತುತ್ತದೆ.

ಆರು ಹೂಜಿ ಯಾರ ಮನೆಯಲ್ಲಿದ್ದಾವು? ಒಂದೇ ಜಗ್‌ಗೆ ಬಸಿದುಕೊಂಡು, ಖಾಲಿ ಬಾಟಲಿಯನ್ನು ನೀರಿನಲ್ಲಿ ಗಸಿ ಹೋಗುವವರೆಗೆ ತೊಳೆದು, ಚೆನ್ನಾಗಿ ನೀರಿಳಿಸಿ, ವೈನನ್ನು ಮತ್ತೆ ಅದಕ್ಕೇ ತುಂಬಿ. ಯಾವುದು ಯಾವ ವರ್ಷದ್ದು ಎಂಬ ಗೊಂದಲವೂ ಇರುವುದಿಲ್ಲ.

ಯಾವುದಕ್ಕೆ ಎಷ್ಟು ಗಾಳಿ

ಸಂಜೆ ಏಳಕ್ಕೆ ಕೂಟವೆಂದು ಇಟ್ಟುಕೊಳ್ಳಿ. 2017ನ್ನು ಬೆಳಿಗ್ಗೆ ಹತ್ತಕ್ಕೇ ಬಸಿದು ಬಾಯಿ ತೆರೆದಿಡಿ. 2011 ಮಧ್ಯಾಹ್ನ ಹನ್ನೆರಡರ ಸುಮಾರಿಗೆ. 1994 ಮೂರು ಗಂಟೆಗೆ, 1985 ನಾಲ್ಕಕ್ಕೆ, 1977 ನಾಲ್ಕೂವರೆಗೆ. 1963 ಮಾತ್ರ ಆರಕ್ಕೆ. ಎಳೆಯದಕ್ಕೆ ಹೆಚ್ಚು, ಹಳೆಯದಕ್ಕೆ ಕಡಿಮೆ ಎಂಬುದು ಲೆಕ್ಕ.

ಹಳೆಯದರ ವಿಷಯದಲ್ಲಿ ಅನುಭವಿಗಳಲ್ಲೇ ಒಮ್ಮತವಿಲ್ಲ. ಅರವತ್ತರ ಪೋರ್ಟ್‌ಗೂ ನಾಲ್ಕು ಗಂಟೆ ಗಾಳಿ ಬೇಕೆನ್ನುವವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಗಟ್ಟಿ ವರ್ಷದ ಬಾಟಲಿಗಳು ಮೂರನೇ ಗಂಟೆಯಲ್ಲಿ ಅರಳುವುದುಂಟು. ಆದರೂ ನಾನು ತಡವಾಗಿ ತೆರೆಯುವ ಪಕ್ಷ. ಕಾರಣ ಸರಳ: ಗಾಳಿ ಸಾಲದಿದ್ದರೆ ಲೋಟದಲ್ಲಿ ಇನ್ನೊಂದು ಗಂಟೆ ಬಿಡಬಹುದು, ಹೆಚ್ಚಾದದ್ದನ್ನು ಹಿಂದಕ್ಕೆ ಪಡೆಯಲಾಗದು. ಬಸಿದ ಕೂಡಲೇ ಒಂದು ಚಮಚದಷ್ಟು ರುಚಿ ನೋಡಿ. ಪರಿಮಳ ಆಗಲೇ ತೆರೆದಿದ್ದರೆ ಬಾಟಲಿಯ ಬಾಯಿ ಮುಚ್ಚಿಡಿ. ಮೂಗಿಗೆ ಏನೂ ಬರದಿದ್ದರೆ ತೆರೆದಿಡಿ.

ಹಳೆಯ ಬಾಟಲಿ ತೆರೆದಾಗ ಮುಗ್ಗಲು ಮುಗ್ಗಲಾದ ವಾಸನೆ ಬಂದರೆ ಗಾಬರಿ ಬೇಡ, ಹೆಚ್ಚಾಗಿ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಹೊತ್ತು ಕಳೆದಂತೆ ಕಡಿಮೆಯಾಗುವ ಬದಲು ಹೆಚ್ಚುವ, ಒದ್ದೆ ರಟ್ಟಿನ ವಾಸನೆಯಾದರೆ ಅದು ಕಾರ್ಕ್ ದೋಷ. ಅದಕ್ಕೆ ಮದ್ದಿಲ್ಲ, ಆ ಬಾಟಲಿಯನ್ನು ಸಾಲಿನಿಂದ ತೆಗೆಯಿರಿ. ಉಗುರು ಬಣ್ಣದ ಘಾಟು ಹಳೆಯ ಪೋರ್ಟ್‌ನಲ್ಲಿ ಎಳೆಯಷ್ಟು ಇದ್ದರೆ ಸಹಜ; ಅದೊಂದೇ ವಾಸನೆಯಾದರೆ ಕೆಟ್ಟಿದೆ ಎಂದರ್ಥ.

ಕೋಣೆ ಮತ್ತು ಲೋಟ

16ರಿಂದ 18 ಡಿಗ್ರಿ ಸೆಲ್ಸಿಯಸ್, ಇದು ಪೋರ್ಟ್‌ಗೆ ಹಿತ. ಯುರೋಪಿನ ಪುಸ್ತಕಗಳು ‘ಕೋಣೆಯ ಶಾಖದಲ್ಲಿ’ ಎಂದು ಬರೆದರೆ ಅದು ನಮ್ಮ ಏಪ್ರಿಲ್ ತಿಂಗಳ ಕೋಣೆಯಲ್ಲ. 28 ಡಿಗ್ರಿಯಲ್ಲಿ ಸುರಿದ ಪೋರ್ಟ್‌ನಿಂದ ಮೊದಲು ಮೂಗಿಗೆ ಹೊಡೆಯುವುದು ಮದ್ಯಸಾರ, ಉಳಿದದ್ದೆಲ್ಲ ಅದರ ಹಿಂದೆ ಅಡಗುತ್ತದೆ. ಬಸಿದ ಬಾಟಲಿಯನ್ನು ಆ ತಂಪಿಗೆ ಬರುವವರೆಗೆ ಫ್ರಿಜ್‌ನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ.

ಮನೆಯಲ್ಲಿ ಅಂದು ಸಂಜೆ ಊದುಬತ್ತಿ ಬೇಡ, ಒಗ್ಗರಣೆ ಬೇಡ. ಮಲ್ಲಿಗೆ ಮುಡಿದು, ಸೆಂಟು ಹಾಕಿಕೊಂಡು ಬರಬೇಡಿರೆಂದು ಮುಂಚೆಯೇ ತಿಳಿಸಿಬಿಡಿ. ಐವತ್ತು ವರ್ಷದ ಪರಿಮಳವನ್ನು ಒಂದು ಮೊಳ ಮಲ್ಲಿಗೆ ಮುಚ್ಚಿಹಾಕಬಲ್ಲದು. ಕೂಟಕ್ಕೆ ಒಂದು ಗಂಟೆ ಮೊದಲಿಂದ ಕಾಫಿ, ಎಲೆಅಡಿಕೆ, ಖಾರದ ತಿಂಡಿ ಯಾವುದೂ ಬೇಡ.

ಬೆರಳಷ್ಟು ಎತ್ತರದ ಪುಟ್ಟ ಲಿಕರ್ ಲೋಟಗಳನ್ನು ಒಳಗಿಡಿ. ಬುಡ ಅಗಲ, ಬಾಯಿ ಕಿರಿದಾದ ವೈನ್ ಲೋಟವೇ ಬೇಕು, ಮೂರನೇ ಒಂದು ಭಾಗವಷ್ಟೇ ತುಂಬಬೇಕು. ಪೋರ್ಚುಗಲ್‌ನ ವಾಸ್ತುಶಿಲ್ಪಿ ಆಲ್ವಾರು ಸೀಜಾ ಪೋರ್ಟ್‌ಗೆಂದೇ ಒಂದು ಲೋಟ ವಿನ್ಯಾಸ ಮಾಡಿದ್ದಾರೆ, ಕಾಲಿನಲ್ಲಿ ಬೆರಳಿಡಲು ಚೌಕದ ತಗ್ಗಿರುವುದು. ಅದು ಸಿಕ್ಕರೆ ಸೊಗಸು, ಇಲ್ಲದಿದ್ದರೆ ಯಾವ ಬಿಳಿ ವೈನ್ ಲೋಟವೂ ನಡೆದೀತು. ಒಬ್ಬರಿಗೆ ಆರು ಲೋಟ, ಪ್ರತಿ ಲೋಟದ ಕೆಳಗೆ ವರ್ಷ ಬರೆದ ಬಿಳಿ ಕಾಗದ.

ಅಳತೆಯ ಬಗ್ಗೆ ಗಂಭೀರವಾಗಿ ಹೇಳಬೇಕು. ಒಂದೊಂದಕ್ಕೆ 50 ಮಿ.ಲೀ. ಎಂದರೆ ಆರಕ್ಕೆ 300 ಮಿ.ಲೀ. ಶೇ. 20ರಂತೆ ಅದರಲ್ಲಿ 60 ಮಿ.ಲೀ. ಶುದ್ಧ ಮದ್ಯಸಾರವಿದೆ, ಅಂದರೆ ವಿಸ್ಕಿಯ ಎರಡು ಲಾರ್ಜ್ ಪೆಗ್‌ಗಿಂತ ಹೆಚ್ಚು. ಲೀಟರಿಗೆ ಸುಮಾರು 100 ಗ್ರಾಂನಂತೆ 30 ಗ್ರಾಂ ಸಕ್ಕರೆ ಬೇರೆ. ಸಕ್ಕರೆ ಕಾಯಿಲೆಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಉಗುಳಲು ಒಬ್ಬೊಬ್ಬರಿಗೂ ಒಂದು ಲೋಟ ಇಡಿ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಬಾಯಲ್ಲಾಡಿಸಿ ಉಗುಳಿ, ಎರಡನೇ ಸುತ್ತಿನಲ್ಲಿ ಮೆಚ್ಚಿದ್ದನ್ನು ಕುಡಿಯಿರಿ. ಗಾಡಿ ಓಡಿಸುವವರು ಈ ಸಾಲಿಗೆ ಕೂರಬಾರದು.

ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ನಾಲಗೆ

ಆರನ್ನೂ ಒಟ್ಟಿಗೆ ಸುರಿಯಿರಿ. ಕುಡಿಯುವ ಮೊದಲು ಒಂದೊಂದೇ ಲೋಟವನ್ನು ಬಿಳಿ ಕಾಗದದ ಮೇಲೆ ವಾಲಿಸಿ ಅಂಚು ನೋಡಿ. 2017 ಶಾಯಿಯಂತೆ ಕಪ್ಪು, ಅಂಚಿನವರೆಗೂ ನೇರಳೆ. ಕೆಳಗಿನ ಕಾಗದದ ಮೇಲೆ ಬರೆದ ವರ್ಷ ಅದರ ಮೂಲಕ ಕಾಣುವುದಿಲ್ಲ. 1994ರ ನಡು ಕಡುಕೆಂಪು, ಅಂಚು ಮಾಣಿಕ್ಯ. 1985ರಲ್ಲಿ ಇಟ್ಟಿಗೆಯ ಬಣ್ಣ ಅಂಚಿಗೆ ಬಂದಿರುತ್ತದೆ. 1963ರಲ್ಲಿ ಅಕ್ಷರ ಸ್ಪಷ್ಟವಾಗಿ ಓದಬಹುದು, ನಡುವೆ ತಿಳಿಗೆಂಪು, ಅಂಚಿನಲ್ಲಿ ಜೇನಿನ ಹಳದಿ. ಕಳೆದುಹೋದ ಬಣ್ಣವೆಲ್ಲ ಬಾಟಲಿಯಲ್ಲಿ ನೀವು ಬಿಟ್ಟು ಬಂದ ಗಸಿಯಲ್ಲಿದೆ.

ಮೂಸುವುದು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಕೆಲಸ. ಲೋಟವನ್ನು ಅಲ್ಲಾಡಿಸದೆ ಒಮ್ಮೆ, ಅಲ್ಲಾಡಿಸಿ ಒಮ್ಮೆ. ಇಲ್ಲಿ ಎಳೆಯದರಿಂದ ಹಳೆಯದರ ಕಡೆಗೆ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ.

ನಾಲಗೆಯ ಸರದಿ ಮಾತ್ರ ತಿರುವುಮುರುವು. ಹೆಚ್ಚಿನ ಕೂಟಗಳಲ್ಲಿ ಎಳೆಯದರಿಂದ ಶುರುಮಾಡಿ ಹಳೆಯದನ್ನು ಕೊನೆಯ ಹಬ್ಬವಾಗಿ ಇಡುತ್ತಾರೆ. ನಾನು ಒಪ್ಪುವುದಿಲ್ಲ. 2017ರ ಒಗರು ಒಸಡಿಗೆ ಮೆತ್ತಿಕೊಂಡ ಮೇಲೆ 1963ರ ನವಿರು ಬಾಯಿಗೆ ಸಿಗುವುದೇ ಇಲ್ಲ, ‘ಇಷ್ಟೇನಾ?’ ಎನಿಸಿ ಅಷ್ಟು ಬೆಲೆಯ ಬಾಟಲಿ ವ್ಯರ್ಥವಾಗುತ್ತದೆ. ಹಳೆಯದರಿಂದ ಶುರುಮಾಡಿ. ನಾಲಗೆ ಹಸನಾಗಿದ್ದಾಗ 1963, ಆಮೇಲೆ 1977, ಹೀಗೆ ಇಳಿಯುತ್ತ 2017ಕ್ಕೆ ಬನ್ನಿ. ಒಂದೊಂದರ ನಡುವೆ ನೀರು, ಸಪ್ಪೆ ಬ್ರೆಡ್ಡಿನ ಒಂದು ತುಣುಕು. ಹತ್ತು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಎಳೆಯದು ಸಿಹಿಯೂ ಗಟ್ಟಿಯೂ ಆದ್ದರಿಂದ ಕೊನೆಗೆ ಬಂದರೂ ಅದಕ್ಕೆ ನಷ್ಟವಿಲ್ಲ.

ಪ್ರತಿ ಲೋಟಕ್ಕೂ ಬರೆಯಬೇಕಾದ್ದು ಮೂರು: ಒಗರು ಎಷ್ಟಿದೆ, ಮದ್ಯಸಾರ ಬೇರೆಯಾಗಿ ನಿಂತಿದೆಯೋ ಬೆರೆತಿದೆಯೋ, ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು. ಹಣ್ಣು, ಹೂವು, ಮಸಾಲೆಗಳ ಹೆಸರು ಆಮೇಲೆ. ನಿಮಗೆ ಬ್ಲ್ಯಾಕ್‌ಬೆರಿ ಗೊತ್ತಿಲ್ಲದಿದ್ದರೆ ನೇರಳೆ ಎಂದು ಬರೆಯಿರಿ. ಲವಂಗ, ಒಣ ಅಂಜೂರ, ಖರ್ಜೂರ, ಬೆಲ್ಲದ ಪಾಕ, ಕಿತ್ತಳೆ ಸಿಪ್ಪೆ, ಅಕ್ರೋಟು ಇವೆಲ್ಲ ಪೋರ್ಟ್‌ನಲ್ಲಿ ನಿಜವಾಗಿ ಸಿಗುವ ಪರಿಮಳಗಳೇ, ನಮ್ಮ ಅಡುಗೆಮನೆ ಇದಕ್ಕೆ ಒಳ್ಳೆಯ ತಯಾರಿ ಕೊಟ್ಟಿದೆ.

ಯಾವ ವಯಸ್ಸಿನಲ್ಲಿ ಏನನ್ನು ಹುಡುಕಬೇಕು

1963: ಇಲ್ಲಿ ಹಣ್ಣನ್ನು ಹುಡುಕಬೇಡಿ, ಹಣ್ಣು ಹೋಗಿ ಏನು ಬಂದಿದೆ ನೋಡಿ. ತಂಬಾಕು, ಚರ್ಮ, ಒಣದ್ರಾಕ್ಷಿ, ಪಾಕ ಕಾಯಿಸಿದ ವಾಸನೆ. ಒಗರು ರೇಷ್ಮೆಯಾಗಿ ಕರಗಿರುತ್ತದೆ. ಸಕ್ಕರೆ ಎಲ್ಲೂ ಹೋಗಿರುವುದಿಲ್ಲ, ಆದರೂ ಹಣ್ಣಿನ ತುಂಬು ಇಳಿದಿರುವುದರಿಂದ ಎಳೆಯದರಷ್ಟು ಸಿಹಿ ಎನಿಸುವುದಿಲ್ಲ. ಮುಖ್ಯವಾಗಿ ಗಮನಿಸಬೇಕಾದ್ದು ಉದ್ದ: ಒಳ್ಳೆಯ 1963 ಬಾಯಿ ಖಾಲಿಯಾದ ಮೇಲೂ ಒಂದು ನಿಮಿಷ ಮಾತಾಡುತ್ತಲೇ ಇರುತ್ತದೆ. ವೈನ್ ದಣಿದಿದ್ದರೆ ಮೊದಲು ಗೊತ್ತಾಗುವುದು ಇದೇ ಜಾಗದಲ್ಲಿ. ರುಚಿ ಬೇಗ ಹರಿದು ಬರೀ ಮದ್ಯಸಾರದ ಬಿಸಿ ಉಳಿಯುತ್ತದೆ.

1977 ಮತ್ತು 1985ನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ. 1977 ಬಿಡುಗಡೆಯಾದಾಗ ಅಪಾರ ಹೊಗಳಿಕೆ ಪಡೆದ ವರ್ಷ, ಗಡುಸು ಕಟ್ಟಿನದು. 1985 ಅದಕ್ಕಿಂತ ಮೆದು, ಬೇಗ ತೆರೆದುಕೊಂಡದ್ದು; ಕಂಪನಿಯಿಂದ ಕಂಪನಿಗೆ ಗುಣಮಟ್ಟ ಬದಲಾಗುತ್ತದೆ. ಈ ಎರಡರಲ್ಲೂ ಒಂದು ಸಂಗತಿ ಪರೀಕ್ಷಿಸಿ ನೋಡಿ. 1990ರ ದಶಕದ ಆರಂಭದವರೆಗೆ ಬೆರೆಸುವ ಮದ್ಯಸಾರವನ್ನು ಕಂಪನಿಗಳು ಸರ್ಕಾರಿ ಏಕಸ್ವಾಮ್ಯದ ಮೂಲಕವೇ ಪಡೆಯಬೇಕಿತ್ತು, ಆಯ್ಕೆಯಿರಲಿಲ್ಲ. ಆಮೇಲೆ ತಮಗೆ ಬೇಕಾದ ಶುದ್ಧ ಮದ್ಯಸಾರ ಕೊಳ್ಳುವ ಸ್ವಾತಂತ್ರ್ಯ ಬಂತು. ವೈನ್‌ನ ಐದನೇ ಒಂದು ಭಾಗವೇ ಅದಾದ್ದರಿಂದ ವ್ಯತ್ಯಾಸ ಸಣ್ಣದಲ್ಲ. 1985ರ ಗಂಟಲಲ್ಲಿ ಬರುವ ಚುರುಕನ್ನೂ 1994ರ ನಯವನ್ನೂ ಹೋಲಿಸಿದಾಗ ಕೆಲವು ಕಂಪನಿಗಳಲ್ಲಿ ಇದು ಸ್ಪಷ್ಟವಾಗಿ ಸಿಗುತ್ತದೆ. ಎಲ್ಲ ವ್ಯತ್ಯಾಸವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯುವ ಮುನ್ನ ಇದು ನೆನಪಿರಲಿ.

1994 ಈ ಸಾಲಿನಲ್ಲಿ ಎಲ್ಲರೂ ಮೆಚ್ಚುವ ಲೋಟ. ಟೇಲರ್ಸ್ ಮತ್ತು ಫೋನ್ಸೆಕಾದ 1994ಗಳಿಗೆ ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ ನೂರಕ್ಕೆ ನೂರು ಕೊಟ್ಟಿತ್ತು. ಹಣ್ಣು ಇನ್ನೂ ಇದೆ, ಮಾಗಿದ ಪರಿಮಳಗಳೂ ಬಂದಿವೆ. ಮೂವತ್ತರ ಆಸುಪಾಸಿನ ವಿಂಟೇಜ್ ಪೋರ್ಟ್ ಯಾಕೆ ಎಲ್ಲರಿಗೂ ಪ್ರಿಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2011ರ ಬಗ್ಗೆ ಅತಿಥಿಗಳಿಗೆ ಮೊದಲೇ ಹೇಳಿಡಿ. ಮಹಾನ್ ವರ್ಷವೆಂದು ಎಲ್ಲರೂ ಒಪ್ಪಿದ್ದರೂ ಹತ್ತರಿಂದ ಇಪ್ಪತ್ತರ ನಡುವಿನ ವಯಸ್ಸಿನಲ್ಲಿ ವಿಂಟೇಜ್ ಪೋರ್ಟ್ ಆಗಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಎಳೆತನದ ಹಣ್ಣು ಹಿಂದೆ ಸರಿದಿರುತ್ತದೆ, ಮಾಗಿದ ಗುಣ ಇನ್ನೂ ಬಂದಿರುವುದಿಲ್ಲ. ಸಾಲಿನಲ್ಲಿ ಇದೇ ಕಡಿಮೆ ಅಂಕ ಪಡೆದರೆ ವೈನ್ ಕೆಟ್ಟದ್ದೆಂದು ಬಗೆಯಬೇಡಿ. ಬಾಯಲ್ಲಿ ಅದರ ತೂಕ ನೋಡಿ, ಒಗರಿನ ನುಣುಪು ನೋಡಿ, ಭವಿಷ್ಯ ಅಲ್ಲಿದೆ.

2017 ಬಿಸಿಲು ಹೆಚ್ಚಿದ, ಮಳೆ ಕಡಿಮೆಯಾದ ವರ್ಷ, ಕೊಯ್ಲೂ ಬೇಗ ಬಂತು. ನೇರಳೆ, ನೀಲಿ ಹೂಗಳ ಪರಿಮಳ, ಕಡು ಚಾಕಲೇಟಿನ ಕಹಿ, ಹಲ್ಲಿಗೆ ಹಿಡಿಯುವ ಒಗರು. ಎಳೆಯ ವಿಂಟೇಜ್ ಪೋರ್ಟ್ ಕುಡಿಯುವುದು ಶಿಶುಹತ್ಯೆ ಎಂದು ಹಳಬರು ಬೈಯುತ್ತಿದ್ದರು. ಈಗಿನವು ಎಳೆತನದಲ್ಲೂ ಆನಂದ ಕೊಡುತ್ತವೆ, ನಾನಂತೂ ಸಂತೋಷದಿಂದ ಕುಡಿಯುತ್ತೇನೆ.

ತಿನ್ನಲು ಏನಿದ್ದರೂ ಎರಡು ಸುತ್ತು ಮುಗಿದ ಮೇಲೆ. ಇಂಗ್ಲಿಷರ ಸ್ಟಿಲ್ಟನ್ ಚೀಸ್, ಪೋರ್ಚುಗಲ್‌ನ ಸೆರ‍್ರಾ ದ ಎಸ್ತ್ರೇಲಾ ಚೀಸ್ ಹೆಸರುವಾಸಿ ಜೋಡಿಗಳು. ಕಡು ಚಾಕಲೇಟ್ ಎಳೆಯದಕ್ಕೆ ಹೊಂದುತ್ತದೆ. 1963ರ ಜೊತೆ ಒಂದೆರಡು ಅಕ್ರೋಟು, ಮತ್ತೇನೂ ಬೇಡ. ಮೈಸೂರು ಪಾಕ್‌ನಂಥ ಗಟ್ಟಿ ಸಿಹಿ ಯಾವ ಪೋರ್ಟನ್ನಾದರೂ ಹುಳಿಯಾಗಿಸುತ್ತದೆ.

ಉಳಿದದ್ದನ್ನು ಏನು ಮಾಡಬೇಕು

1963, 1977 ಉಳಿದರೆ ಅಂದೇ ರಾತ್ರಿ ಮುಗಿಸಿ, ತಪ್ಪಿದರೆ ಮರುದಿನ. 1985, 1994 ಫ್ರಿಜ್‌ನಲ್ಲಿ ಎರಡು ಮೂರು ದಿನ ತಾಳುತ್ತವೆ. 2017ನ್ನು ಬೇಕೆಂದೇ ಒಂದು ಲೋಟ ಉಳಿಸಿ, ನಾಲ್ಕು ದಿನ, ದಿನಕ್ಕೊಂದು ಗುಟುಕು ನೋಡಿ, ಮೊದಲ ಸಂಜೆ ಬರೆದ ಕಾಗದದಲ್ಲೇ ಕೆಳಗೆ ಬರೆಯುತ್ತ ಹೋಗಿ. ಎರಡನೇ ದಿನ ಅದು ಮೊದಲ ದಿನಕ್ಕಿಂತ ಚೆನ್ನಾಗಿದ್ದರೆ ಆ ಬಾಟಲಿಯ ಜೋಡಿಯನ್ನು ಕೊಂಡು ಇಡುವುದು ಲಾಭ. ಇಡುವುದಾದರೆ ಮಲಗಿಸಿ, ಕತ್ತಲಲ್ಲಿ, 12ರಿಂದ 14 ಡಿಗ್ರಿಯಲ್ಲಿ, ಯಾವ ಮಗ್ಗುಲು ಮೇಲೆಂದು ಗುರುತು ಹಾಕಿ ಇಡಬೇಕು. ನಮ್ಮ ಮನೆಗಳ ಕಪಾಟಿನಲ್ಲಿ ಇದು ಆಗದ ಮಾತು. ವೈನ್‌ಗೆಂದೇ ಇರುವ ಫ್ರಿಜ್ ಇಲ್ಲದವರು ಎಳೆಯದನ್ನು ಕೊಂಡ ವರ್ಷವೇ ಕುಡಿದು, ಹಳೆಯದು ಬೇಕೆನಿಸಿದಾಗ ಹಳೆಯದನ್ನೇ ಕೊಳ್ಳುವುದು ವಾಸಿ.